ಮುಷ್ಟಿ ಮೇಡಂ ಮತ್ತು ಐದು ಸಾವಿರ ಆಟಗಳು

“ಇದನ್ನ ಈಗಲೇ ಬಿಚ್ಚಿಕೊಂಡು ಹೋಗಿ.”

ಅವಳು ಕಂಟ್ರೋಲರನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಚಿಕಿತ್ಸೆಗೆಂದು ಬಿಸಿ ಮೇಣದ ತೊಟ್ಟಿಯಲ್ಲಿ ಕೈ ಅದ್ದುತ್ತಿದ್ದ ಟೈಲರಮ್ಮ ಅದ್ದಿದ ಕೈ ಮೇಲೆತ್ತುವುದನ್ನೇ ಮರೆತರು.

ಟೀವಿಯ ಹಿಂದೆ ಬಗ್ಗಿ ತಂತಿ ಸರಿಮಾಡುತ್ತಿದ್ದವನು ತಲೆ ಎತ್ತಿದ. ಪಾಪ, ಅವನ ಮುಖದಲ್ಲಿ ಇನ್ನೂ ನಗು ಇತ್ತು. ಯಾರಾದರೂ ಹೊಗಳುತ್ತಾರೆಂದು ಕಾದು ಕೂತ ನಗು.

“ಯಾಕೆ ಮೇಡಂ, ಕೆಲಸ ಮಾಡ್ತಿಲ್ವಾ?”

“ಚೆನ್ನಾಗೇ ಮಾಡ್ತಿದೆ. ಅರ್ಧ ಗಂಟೆಯಿಂದ ಈ ಅಣ್ಣ ಪಟ್ಟಿ ಓದ್ತಾ ಕೂತಿದ್ದಾರೆ. ಇನ್ನೂ ಒಂದು ಆಟ ಶುರುವಾಗಿಲ್ಲ.”

ಟೀವಿಯ ಮುಂದೆ ಕೂತಿದ್ದ ಲಾರಿ ಚಾಲಕ ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ತಲೆ ತಗ್ಗಿಸಿದ. ಲಾರಿಯ ಹಿಂಬಾಗಿಲಿಗೆ ಸಿಕ್ಕಿ ಅವನ ಬಲಗೈ ಬೆರಳುಗಳು ಜಜ್ಜಿಹೋಗಿದ್ದವು. ಈಗ ಹೆಬ್ಬೆರಳು ನಡುಗುತ್ತಿತ್ತು. ಆ ದಿನಕ್ಕೆ ಇದ್ದ ಶಕ್ತಿಯನ್ನೆಲ್ಲ ಅದು ಒಂದೇ ಗುಂಡಿಯ ಮೇಲೆ, ಪಟ್ಟಿಯನ್ನು ಕೆಳಗೆ ಕೆಳಗೆ ಇಳಿಸುವುದರಲ್ಲೇ ಕಳೆದಿತ್ತು.

“ಇದಕ್ಕಿಂತ ಚೆನ್ನಾಗಿರೋದು ಇನ್ನೂ ಕೆಳಗಡೆ ಇರಬಹುದೇನೋ ಅಂತ ನೋಡ್ತಿದ್ದೆ ಮೇಡಂ...” ಎಂದ ಚಾಲಕ.

“ಕೇಳಿದ್ರಾ?” ಅವಳು ಟೀವಿಯ ಹಿಂದಿದ್ದವನತ್ತ ತಿರುಗಿದಳು. “ಐದು ಸಾವಿರ ಆಟ ತುಂಬಿಕೊಟ್ಟಿದ್ದೀನಿ ಅಂತ ಆಫೀಸಲ್ಲಿ ಹೆಮ್ಮೆಯಿಂದ ಹೇಳಿದ್ರಂತಲ್ಲ. ಒಂದು ಕೈಗೆ ಇಲ್ಲಿ ಸಿಗೋದೇ ಅರ್ಧ ಗಂಟೆ. ಅದನ್ನ ನಿಮ್ಮ ಪಟ್ಟಿ ನುಂಗಿಹಾಕ್ತು.”

ಅವನ ನಗು ಆರಿಹೋಯಿತು. ಆಟದ ಪೆಟ್ಟಿಗೆಯ ತಂತಿಗಳನ್ನು ಒಂದೊಂದಾಗಿ ಕಿತ್ತು ಸುತ್ತಿಕೊಂಡು ಹೊರಟುಹೋದ.

ಅದು ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಕೈಗೆ ಪೆಟ್ಟು ಬಿದ್ದವರಿಗೆ ಮತ್ತೆ ಬೆರಳಾಡಿಸಲು ಕಲಿಸುವ ಕೋಣೆ. ಅವಳು ಅಲ್ಲಿನ ಥೆರಪಿಸ್ಟ್. ಬೆಳಗಿನಿಂದ ಸಂಜೆಯವರೆಗೆ ಮುಷ್ಟಿ ಕಟ್ಟಿ, ಬಿಡಿ, ಮತ್ತೆ ಕಟ್ಟಿ ಎಂದು ಹೇಳಿ ಹೇಳಿ ಅವಳಿಗೆ ‘ಮುಷ್ಟಿ ಮೇಡಂ’ ಎಂಬ ಹೆಸರು ಬಿದ್ದಿತ್ತು. ಅದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇದ್ದಳು.

ಅವನದು ಪೇಟೆಬೀದಿಯ ಕೊನೆಯಲ್ಲಿ ಹಳೆಯ ವಿಡಿಯೊ ಗೇಮ್‌ಗಳನ್ನು ರಿಪೇರಿ ಮಾಡಿ ಮಾರುವ ಅಂಗಡಿ. ಇಂಥ ಆಟಗಳಿಂದ ಬೆರಳುಗಳಿಗೆ ಒಳ್ಳೆಯದಂತೆ ಎಂದು ಆಡಳಿತಾಧಿಕಾರಿ ಎಲ್ಲೋ ಕೇಳಿ ಅವನನ್ನು ಕರೆಸಿದ್ದರು. ಅವನೋ, ಎಷ್ಟೋ ವರ್ಷಗಳಿಂದ ಕೂಡಿಟ್ಟ ಆಟಗಳನ್ನೆಲ್ಲ ಪುಟ್ಟ ಪೆಟ್ಟಿಗೆಯೊಂದಕ್ಕೆ ತುಂಬಿ, ಮನೆಮಗಳನ್ನು ಕಳಿಸಿಕೊಡುವಷ್ಟು ಪ್ರೀತಿಯಿಂದ ತಂದುಕೊಟ್ಟಿದ್ದ.

*ನನ್ನ ತಪ್ಪಾದರೂ ಏನು? ಹೆಚ್ಚು ಕೊಟ್ಟಿದ್ದು ತಪ್ಪೇ?* ಅಂಗಡಿಗೆ ಹಿಂದಿರುಗುವ ದಾರಿಯುದ್ದಕ್ಕೂ ಅವನು ಇದನ್ನೇ ಕೇಳಿಕೊಂಡ.

ಮರುದಿನ ಬೆಳಿಗ್ಗೆ ಅವಳು ಬಾಗಿಲು ತೆರೆಯುವ ಹೊತ್ತಿಗೆ ಅವನು ರೋಗಿಗಳ ಬೆಂಚಿನ ಮೇಲೆ ಕೂತಿದ್ದ. ಬಲಗೈಯ ಬೆರಳುಗಳನ್ನೆಲ್ಲ ಟೇಪಿನಿಂದ ಒಟ್ಟಿಗೆ ಬಿಗಿದುಕೊಂಡಿದ್ದ. ನೋಡಿದ ಕೂಡಲೇ ಅವಳಿಗೆ ರಕ್ತ ತಲೆಗೇರಿತು.

“ನನ್ನ ರೋಗಿಗಳನ್ನ ಅಣಕಿಸೋಕೆ ಬಂದಿದ್ದೀರಾ?”

“ಇಲ್ಲ. ನಿನ್ನೆ ಮನೆಗೆ ಹೋಗಿ ಹೀಗೆ ಕಟ್ಟಿಕೊಂಡು ಆಡೋಕೆ ಕೂತೆ. ಪಟ್ಟಿಯ ಮೂರನೇ ಪುಟಕ್ಕೇ ಹೆಬ್ಬೆರಳು ಸೋತುಹೋಯ್ತು.” ಅವನು ಎದ್ದು ನಿಂತ. “ನೀವು ಬೈದಿದ್ದು ಸರಿ. ಬೈದ ರೀತಿ ಸರಿಯಿಲ್ಲ.”

ಹಾಗೆ ಅವಳೆದುರು ನಿಂತು ಹೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅವಳು ಟೇಪು ಬಿಚ್ಚಲು ಕತ್ತರಿ ತಂದಳು.

ಎಷ್ಟು ಆಟ ಇರಲಿ ಎಂದು ಅವನು ಕೇಳಿದ. ಹನ್ನೆರಡು ಎಂದಳು. ಹನ್ನೆರಡು ನೂರು ತಾನೇ ಎಂದು ಅವನು ಆಸೆಯಿಂದ ಮತ್ತೆ ಕೇಳಿದ. ಅವಳು ಕತ್ತರಿ ನಿಲ್ಲಿಸಿ ಅವನ ಮುಖ ನೋಡಿದಳು.

ಅಂದಿನಿಂದ ಮಧ್ಯಾಹ್ನ ರೋಗಿಗಳು ಊಟಕ್ಕೆ ಹೋದ ಮೇಲೆ ಇಬ್ಬರೂ ಆ ಟೀವಿಯ ಮುಂದೆ ಕೂರತೊಡಗಿದರು. ಆರಿಸುವುದೆಂದರೆ ಜಗಳವಾಡುವುದು ಎಂದೇ ಆಯಿತು. ಅವಳು ಬೆರಳಿನ ಲೆಕ್ಕದಲ್ಲಿ ನೋಡುವವಳು. ಮೇಲಿನಿಂದ ಬೀಳುವ ಚೌಕಗಳನ್ನು ಜೋಡಿಸುವ ಆಟ ಹೆಬ್ಬೆರಳಿಗೆ ಒಳ್ಳೆಯದು, ಇರಲಿ. ಚೆಂಡು ಹೊಡೆದು ಇಟ್ಟಿಗೆ ಒಡೆಯುವ ಆಟದಲ್ಲಿ ಮಣಿಕಟ್ಟು ತಿರುಗುತ್ತದೆ, ಇರಲಿ. ಪುಟ್ಟ ಟ್ಯಾಂಕು ಓಡಿಸುವ ಆಟಕ್ಕೆ ಎರಡೂ ಕೈ ಬೇಕು, ಅದೂ ಇರಲಿ. ಉಳಿದದ್ದೆಲ್ಲ ಬೇಡ.

ಅವನಿಗೆ ಬೇಡ ಎಂಬ ಮಾತೇ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇದರ ಸಂಗೀತ ಕೇಳಿ ನೋಡಿ ಎನ್ನುತ್ತಿದ್ದ. ಇದನ್ನು ನಾನೂ ಚಿಕ್ಕಮ್ಮನ ಮಗನೂ ಜ್ವರ ಬಂದು ಮಲಗಿದ್ದಾಗ ಆಡಿದ್ದು ಎನ್ನುತ್ತಿದ್ದ. ಇದು ಯಾರಿಗೂ ಗೊತ್ತಿಲ್ಲದ ಆಟ, ನಾವೂ ಬಿಟ್ಟರೆ ಅನಾಥವಾಗುತ್ತದೆ ಎನ್ನುತ್ತಿದ್ದ. ಅವಳು ನಗು ತಡೆದುಕೊಂಡು ‘ಬೇಡ’ ಎನ್ನುತ್ತಿದ್ದಳು. ಅವನು ಮುಖ ಸಣ್ಣದು ಮಾಡಿಕೊಂಡು ಗುಂಡಿ ಒತ್ತುತ್ತಿದ್ದ.

ಒಂದು ದಿನ ಅವಳು ಕೇಳಿಯೇಬಿಟ್ಟಳು, ಇಷ್ಟೆಲ್ಲ ಆಟ ಇಟ್ಟುಕೊಂಡು ದಿನಾ ಯಾವುದನ್ನು ಆಡುತ್ತೀರಿ ಎಂದು. ಅವನು ತಡವರಿಸಿದ.

“ಯಾವುದನ್ನೂ ಇಲ್ಲ. ಅಂಗಡಿ ಮುಚ್ಚಿ ಮನೆಗೆ ಹೋಗಿ ಪಟ್ಟಿ ತೆಗೀತೀನಿ. ಇದಾ, ಅದಾ ಅಂತ ನೋಡ್ತಾ ನೋಡ್ತಾ ಊಟ ತಣ್ಣಗಾಗುತ್ತೆ. ಹಾಗೇ ಟೀವಿ ಆಫ್ ಮಾಡಿ ಮಲಗ್ತೀನಿ. ಚಿಕ್ಕವನಿದ್ದಾಗ ನಮ್ಮನೇಲಿ ಇದ್ದಿದ್ದು ಒಂದೇ ಆಟ. ಅದನ್ನ ಎಷ್ಟು ಆಡಿದ್ದೆ ಗೊತ್ತಾ...”

ನಗಬೇಕೆಂದುಕೊಂಡಿದ್ದ ಅವಳಿಗೆ ನಗು ಬರಲಿಲ್ಲ. ಎದುರಿಗೆ ಅನ್ನದ ರಾಶಿ ಸುರಿದುಕೊಂಡು ಹಸಿದು ಕೂತವನ ಹಾಗೆ ಕಂಡ ಅವನು. *ಇವನಿಗೆ ಒಬ್ಬರು ಬೇಕು*, ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಅಂದು ಅವಳೂ ತನ್ನ ವಿಷಯ ಹೇಳಿದಳು. ಅವಳಿಗೆ ಒಮ್ಮೆ ಮದುವೆ ಗೊತ್ತಾಗಿತ್ತು. ಹುಡುಗ ತಾನೇ ಫೋನು ಮಾಡಿ ಬೇಡವೆಂದಿದ್ದ. ಎಲ್ಲವನ್ನೂ ನೀನೇ ನಿರ್ಧರಿಸುತ್ತೀಯ, ನಿನ್ನ ಜೊತೆ ಇದ್ದರೆ ನನಗೆ ತಲೆಯ ಅಗತ್ಯವೇ ಇರುವುದಿಲ್ಲ ಎಂದಿದ್ದನಂತೆ.

“ತಲೆ ಇದ್ದೋರು ತಾನೇ ಅದರ ಅಗತ್ಯದ ಮಾತಾಡೋದು, ಅವನಿಗೆಲ್ಲಿತ್ತು?” ಎಂದ ಅವನು.

ಅವಳು ಬಿದ್ದು ಬಿದ್ದು ನಕ್ಕಳು. ಎಷ್ಟೋ ದಿನಗಳಿಂದ ಎದೆಗೆ ಚುಚ್ಚಿಕೊಂಡಿದ್ದ ಮಾತು ಅಷ್ಟು ಸುಲಭವಾಗಿ ಕಳಚಿಬಿದ್ದದ್ದು ಕಂಡು ಅವಳಿಗೇ ಆಶ್ಚರ್ಯ.

ಹನ್ನೆರಡು ಆಟಗಳು ಉಳಿದವು. ಅವನು ಕಂಟ್ರೋಲರಿನ ಹಿಡಿಗೆ ಸ್ಪಂಜು ಸುತ್ತಿಕೊಟ್ಟ, ಗುಂಡಿಗಳನ್ನು ದಪ್ಪ ಮಾಡಿಕೊಟ್ಟ. ಲಾರಿ ಚಾಲಕ ಟ್ಯಾಂಕು ಓಡಿಸುತ್ತ ಓಡಿಸುತ್ತ ಒಂದು ದಿನ ತನಗರಿವಿಲ್ಲದೆ ಪೂರ್ತಿ ಮುಷ್ಟಿ ಕಟ್ಟಿಬಿಟ್ಟ. ಅವಳು ಚಾಲಕನತ್ತ ನೋಡಲಿಲ್ಲ. ಬಾಗಿಲ ಬಳಿ ನಿಂತಿದ್ದ ಇವನತ್ತ ನೋಡಿದಳು. ಇವನೂ ಅವಳನ್ನೇ ನೋಡುತ್ತಿದ್ದ.

ಟೈಲರಮ್ಮ ಇಬ್ಬರನ್ನೂ ನೋಡಿದರು.

ಆಮೇಲೆ ಅವಳ ತಾಯಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಕೆಲವು ದಿನ ರಜೆ ಹಾಕಿ ತಾಯಿಯ ಜೊತೆಗಿದ್ದಳು. ತನ್ನ ಬದಲಿಗೆ ಬಂದವರಿಗೆ ಯಾವ ರೋಗಿಗೆ ಯಾವ ಆಟ, ಎಷ್ಟು ಹೊತ್ತು ಎಂದು ಎಲ್ಲ ಹೇಳಿಕೊಟ್ಟೇ ಹೋಗಿದ್ದಳು. ತಿರುಗಿ ಕೆಲಸಕ್ಕೆ ಬಂದ ದಿನ ಮೆಟ್ಟಿಲು ಹತ್ತುವಾಗ ಅವಳ ಮನಸ್ಸಿನಲ್ಲಿ ಇದ್ದದ್ದು ರೋಗಿಗಳಲ್ಲ. ಇವತ್ತು ಅವನನ್ನು ಕಾಣುವ ದಿನ... ಅಷ್ಟೇ.

ಬಾಗಿಲು ತಳ್ಳಿದಳು.

ಟೀವಿಯ ಮೇಲೆ ಆ ಪಟ್ಟಿ. ಅದೇ ಉದ್ದನೆಯ, ಕೊನೆಯಿಲ್ಲದ ಪಟ್ಟಿ! ಟೈಲರಮ್ಮ ಗುಂಡಿ ಒತ್ತುತ್ತಿದ್ದಾರೆ, ಹೆಸರುಗಳು ಒಂದರ ಹಿಂದೊಂದು ಮೇಲಕ್ಕೆ ಜಾರುತ್ತಿವೆ. ಸುತ್ತ ನಾಲ್ಕೈದು ಜನ ಬಗ್ಗಿ ನೋಡುತ್ತಿದ್ದಾರೆ. ಅವರ ಹಿಂದೆ ಕೈಕಟ್ಟಿ ನಿಂತಿದ್ದಾನೆ ಅವನು.

ಇಷ್ಟು ದಿನ ಕೂತು ಆರಿಸಿದ್ದೆಲ್ಲ ಏನಾಯಿತು? ತಾನು ಬೆನ್ನು ತಿರುಗಿಸಿದ್ದೇ ತಡ...!

“ಇದನ್ನ ಯಾರು ಹಾಕಿದ್ದು?”

ಟೈಲರಮ್ಮ ಕಂಟ್ರೋಲರನ್ನು ಮಡಿಲಿಗೆ ಇಳಿಸಿದರು.

“ನಾನೇ,” ಎಂದ ಅವನು.

“ಯಾಕೆ?”

ಅವನು ಒಮ್ಮೆ ಟೈಲರಮ್ಮನ ಕಡೆ ನೋಡಿದ. ಅವರು ತಲೆ ತಗ್ಗಿಸಿದ್ದರು. ಅವನೂ ಉತ್ತರ ಕೊಡಲಿಲ್ಲ.

ಆ ಮೌನ ಅವಳ ಸಿಟ್ಟಿಗೆ ತುಪ್ಪ ಸುರಿಯಿತು. ನಿಮ್ಮ ಕೈಲಿ ಒಂದನ್ನೂ ಬಿಡಲು ಆಗುವುದಿಲ್ಲ ಎಂದು ನನಗೆ ಮೊದಲೇ ಗೊತ್ತಾಗಬೇಕಿತ್ತು ಎಂದಳು. ಈ ಕೈಗಳಿಗಿಂತ ನಿಮಗೆ ನಿಮ್ಮ ಸಂಗ್ರಹ ದೊಡ್ಡದು, ಅದನ್ನು ನಾಲ್ಕು ಜನರ ಮುಂದೆ ಮೆರೆಸುವುದು ದೊಡ್ಡದು ಎಂದಳು. ಕೊನೆಗೆ ಅನ್ನಬಾರದ್ದನ್ನೂ ಅಂದುಬಿಟ್ಟಳು.

“ನಿಮ್ಮನ್ನ ನಂಬಿದ್ದು ನನ್ನ ದಡ್ಡತನ.”

ಅವನ ಮುಖ ಬಿಳಿಚಿತು. ಸುತ್ತಲಿದ್ದವರನ್ನು ಸರಿಸಿಕೊಂಡು ಬಾಗಿಲ ಕಡೆ ನಡೆದ. ಅವಳ ಪಕ್ಕ ಬಂದಾಗ ಒಂದು ಕ್ಷಣ ನಿಂತ. ಆಮೇಲೆ ಹೊರಟುಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಮನೆಯಲ್ಲಿ ಅವಳು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ತಾಯಿ, ಯಾರ ಮೇಲಿನ ಕೋಪವಮ್ಮಾ ಅದು ಎಂದು ಕೇಳಿದರು. ಯಾರ ಮೇಲೂ ಇಲ್ಲ ಎಂದಳು. ಯಾರೂ ಅಲ್ಲದವನು ಬಹಳ ಬೇಕಾದವನೇ ಇರಬೇಕು ಎಂದು ತಾಯಿ ತಮ್ಮಷ್ಟಕ್ಕೆ ಹೇಳಿಕೊಂಡರು. ಅವಳು ಕೇಳಿಸದವಳ ಹಾಗೆ ನಲ್ಲಿ ಜೋರಾಗಿ ಬಿಟ್ಟಳು. ನೀರಿನ ಸದ್ದಿನಲ್ಲಿ ಅವಳ ಬಿಕ್ಕು ಯಾರಿಗೂ ಕೇಳಿಸಲಿಲ್ಲ.

*ಒಂದು ಕಾರಣವಾದರೂ ಹೇಳಬಾರದಿತ್ತೇ ಅವನು? ಸುಳ್ಳಾದರೂ...*

ಕೋಣೆಯಲ್ಲಿ ಮತ್ತೆ ಹನ್ನೆರಡೇ ಆಟ. ಆದರೆ ಯಾರಿಗೂ ಆಡುವ ಉತ್ಸಾಹವಿರಲಿಲ್ಲ. ಆ ವಾರದ ಕೊನೆಗೆ ಟೈಲರಮ್ಮ ಅವಳ ಮುಂದೆ ಕೂತು ಕೈ ಚಾಚಿದರು. ಒಡೆದ ಕಿಟಕಿಯ ಗಾಜು ಸೀಳಿದ್ದ ಅಂಗೈ ಅದು. ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು.

“ಮುಷ್ಟಿ ಕಟ್ಟಿ ಅಮ್ಮ.”

“ಕಟ್ಟಲ್ಲ.”

ಅವಳು ಬೆಚ್ಚಿ ತಲೆ ಎತ್ತಿದಳು. ಟೈಲರಮ್ಮನ ತುಟಿ ಅದುರುತ್ತಿತ್ತು. ಅದು ಅಳುವಲ್ಲ. ತುಂಬಾ ದಿನಗಳಿಂದ ಒಳಗೇ ಕುದಿಯುತ್ತಿದ್ದ ಸಿಟ್ಟು.

“ಆ ಪಟ್ಟಿ ಹಾಕು ಅಂತ ಅವನಿಗೆ ಹೇಳಿದ್ದು ನಾನು. ಅವನು ಬೇಡ ಅಂದ, ಮೇಡಂನ ಕೇಳಿ ಅಂದ. ನಾನೇ ಹೇಳ್ತೀನಿ, ನೀನು ಹಾಕು ಅಂದೆ. ನೀವು ಬಂದಾಗ ನಿಮ್ಮ ಮುಖ ನೋಡಿ ನನಗೆ ಬಾಯೇ ಬರಲಿಲ್ಲ. ನನ್ನ ಮರ್ಯಾದೆ ಉಳಿಸೋಕೆ ಅವನು ಬೈಸಿಕೊಂಡು ಹೋದ.”

“ಯಾಕಮ್ಮ? ಅಷ್ಟು ಕಷ್ಟಪಟ್ಟು ಆರಿಸಿ...”

“ಆರಿಸಿದ್ದು ಯಾರು? ನೀವು.” ಅವರು ಕೈ ಹಿಂದಕ್ಕೆ ಎಳೆದುಕೊಂಡರು. “ಈ ಕೈ ಹೀಗಾದಾಗಿಂದ ಮನೇಲಿ ಸೊಸೆ ಹೇಳಿದಾಗ ಊಟ, ಮಗ ಹೇಳಿದಾಗ ಸ್ನಾನ. ಇಲ್ಲಿ ನೀವು ಹೇಳಿದಾಗ ಮುಷ್ಟಿ. ಹೊಸ ಬಟ್ಟೆಗೆ ಎಲ್ಲಿ ಕತ್ತರಿ ಇಡಬೇಕು ಅಂತ ಜನ್ಮದಲ್ಲಿ ಯಾರನ್ನೂ ಕೇಳಿದವಳಲ್ಲ ನಾನು. ಈಗ ಆಡೋ ಆಟಾನೂ ಬೇರೆಯವರು ಆರಿಸಿಕೊಡ್ಬೇಕಾ? ಒಂದು ದಿನ ನಂಗೆ ಬೇಕಾದ್ದು ನಾನು ಹುಡುಕಿಕೊಳ್ತೀನಿ ಅಂದ್ರೆ ಅದೂ ತಪ್ಪಾ?”

ಅವಳೊಳಗೆ ಮೊದಲು ಎದ್ದದ್ದು ಸಿಟ್ಟೇ. ಹೊಲಿಗೆ ಹಾಕಿದ ಸ್ನಾಯು ಅಂಟಿಕೊಂಡುಬಿಟ್ಟರೆ ಗತಿಯೇನು, ಕೊಡುವ ಅರ್ಧ ಗಂಟೆ ಹೀಗೆ ಕಳೆದರೆ ಆಮೇಲೆ ಬೆರಳು ಮಡಚುತ್ತದೆಯೇ, ಇವರ ಒಳ್ಳೆಯದಕ್ಕೇ ಅಲ್ಲವೇ ತಾನು ಇಷ್ಟೆಲ್ಲ... ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಲ್ಲೇ ನಿಂತಿತು.

ನಗುನಗುತ್ತ ಕಳಚಿ ಎಸೆದಿದ್ದ, ಎಲ್ಲವನ್ನೂ ನೀನೇ ನಿರ್ಧರಿಸುತ್ತೀಯ ಎಂಬ ಆ ಹಳೆಯ ಮಾತು ಬೇರೆಯ ಬಾಯಿಂದ ಬಂದು ಎದುರಿಗೆ ಕೂತಿತ್ತು. ಮದುವೆ ಮುರಿದವನು ಅದನ್ನು ಹೇಳಿದ್ದು ತಪ್ಪಿಸಿಕೊಳ್ಳುವುದಕ್ಕೆ. ಟೈಲರಮ್ಮ ಹೇಳುತ್ತಿರುವುದು ಹಾಗಲ್ಲ.

ಅವಳು ಕೇಳಿದಳು, “ಆವತ್ತು ಏನು ಹುಡುಕ್ತಿದ್ರಿ?”

“ಸಿಕ್ಕಿತ್ತು. ಮೀನು ಹಿಡಿಯೋ ಆಟ. ಕೆರೆ ದಂಡೆಯಲ್ಲಿ ಗಾಳ ಹಾಕಿಕೊಂಡು ಕೂತಿರೋದು.”

“ಅದರಲ್ಲಿ ಬೆರಳಿಗೆ ಕೆಲಸವೇ ಇಲ್ಲವಲ್ಲ ಅಮ್ಮ.”

“ಗೊತ್ತು. ಸುಮ್ಮನೆ ಕೂರೋಕೆ ಚೆನ್ನಾಗಿದೆ.”

ಅವಳು ಆ ಗಾಯದ ಕೈಯನ್ನು ತನ್ನೆರಡು ಕೈಗಳಲ್ಲಿ ತೆಗೆದುಕೊಂಡಳು. ನನ್ನಿಂದ ತಪ್ಪಾಯಿತು ಎಂದಳು. ಮೊದಲ ಅರ್ಧ ಗಂಟೆ ನನಗೆ ಕೊಡಿ, ಆಮೇಲೆ ಟೀವಿ ನಿಮ್ಮದು, ಬೇಕಾದಷ್ಟು ಹೊತ್ತು ಹುಡುಕಿ, ಬೇಕಾದ್ದನ್ನು ಆಡಿ ಎಂದಳು. ಟೈಲರಮ್ಮ ಸ್ವಲ್ಪ ಯೋಚಿಸಿದರು. ಆಗಲಿ ಎಂದು ತಲೆಯಾಡಿಸಿ, ನಿಧಾನಕ್ಕೆ, ನೋವು ನುಂಗಿಕೊಂಡು ಬೆರಳು ಮಡಚಿದರು.

“ಅವನ ಹತ್ರ ನಾನು ಹೋಗಿ ಹೇಳ್ಲಾ?” ಎಂದು ಕೇಳಿದರು ಆಮೇಲೆ.

“ಬೇಡಮ್ಮ. ಅದು ನಾನೇ ಹೋಗಬೇಕಾದ ಜಾಗ.”

ಊಟದ ವಿರಾಮದಲ್ಲಿ ಅವಳು ಪೇಟೆಬೀದಿಯ ಕೊನೆಗೆ ಬಂದಳು. ಅವನ ಅಂಗಡಿ ಅಷ್ಟು ಚಿಕ್ಕದೆಂದು ಅವಳಿಗೆ ಗೊತ್ತಿರಲಿಲ್ಲ. ಸೂರಿನವರೆಗೂ ಆಟದ ಡಬ್ಬಗಳು, ಹೊಟ್ಟೆ ದಪ್ಪಗಿನ ಹಳೆಯ ಟೀವಿಗಳು, ಬೆಸುಗೆಗೆ ಸೀಸ ಕಾಯಿಸಿದ ವಾಸನೆ. ಅವನು ಕಂಟ್ರೋಲರೊಂದರ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಅವಳನ್ನು ಕಂಡು ಕೈ ನಿಂತಿತು. ನಗಲಿಲ್ಲ. ಬನ್ನಿ ಎನ್ನಲೂ ಇಲ್ಲ.

ಟೈಲರಮ್ಮ ಎಲ್ಲ ಹೇಳಿದರು ಎಂದಳು. ಅವರು ಕೇಳಿದ್ದೂ ಸರಿ, ನೀವು ಹಾಕಿಕೊಟ್ಟಿದ್ದೂ ಸರಿ, ತಪ್ಪು ನನ್ನದೇ ಎಂದಳು. ಬರುವಾಗ ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತು ಅಷ್ಟಕ್ಕೇ ಮುಗಿದುಹೋಯಿತು.

“ಎಲ್ಲರ ಮುಂದೆ ಬೈದ್ರಿ,” ಎಂದ ಅವನು. ಧ್ವನಿ ಏರಲಿಲ್ಲ. ಆದರೆ ಅದರಲ್ಲಿದ್ದ ಬಿಸಿ ಅವಳಿಗೆ ತಾಗಿತು. “ನಂಬಿದ್ದು ದಡ್ಡತನ ಅಂದ್ರಿ. ಒಂದೇ ಒಂದು ಸಲ, ಪಕ್ಕಕ್ಕೆ ಕರೆದು ಕೇಳಬಹುದಿತ್ತು.”

“ಕೇಳಬೇಕಿತ್ತು.”

“ನನಗೆ ಇನ್ನೂ ಕೋಪ ಇದೆ.”

“ಇರಲಿ. ನಾನು ಕಾಯ್ತೀನಿ.”

ಅವಳು ಮೂಲೆಯಲ್ಲಿದ್ದ ಸ್ಟೂಲ್ ಎಳೆದುಕೊಂಡು ಕೂತಳು. ಗಿರಾಕಿಯೊಬ್ಬರು ಬಂದು, ಗೋಡೆಯ ತುಂಬ ಕಣ್ಣಾಡಿಸಿ, ಯಾವುದು ತಗೊಳ್ಳಲಿ ಎಂದು ಗೊತ್ತಾಗದೆ ಬರಿಗೈಯಲ್ಲಿ ಹೋದರು. ಅವನು ಸ್ಕ್ರೂಗಳನ್ನು ಬಿಗಿದ. ಬಿಗಿದದ್ದನ್ನೇ ಮತ್ತೆ ಸಡಿಲಿಸಿದ. ಅವಳ ಊಟದ ಹೊತ್ತು ಮುಗಿಯುತ್ತ ಬಂತು. ಅವಳು ಏಳಲಿಲ್ಲ.

ಕೊನೆಗೆ ಅವನೇ ಸ್ಕ್ರೂಡ್ರೈವರ್ ಕೆಳಗಿಟ್ಟ.

“ಆ ದಿನ ನಾನು ಬಂದಿದ್ದು ಬೈಸಿಕೊಳ್ಳೋಕಲ್ಲ.”

“ಮತ್ತೆ?”

“ನಿಮ್ಮನ್ನ ಕೇಳೋಕೆ. ನನ್ನ ಮದುವೆ ಆಗ್ತೀರಾ ಅಂತ.”

ಅವಳ ಎದೆ ಧಸಕ್ಕೆಂದಿತು. ಅದರ ಹಿಂದೆಯೇ, ಎಂದಿನ ಹಾಗೆ, ಕೋಪ ನುಗ್ಗಿ ಬಂತು.

“ಹಾಗಿದ್ರೆ ಕೇಳದೇ ಯಾಕೆ ಹೋದ್ರಿ?”

“ನೀವು ಬಾಯಿ ತೆರೆಯೋಕೆ ಎಲ್ಲಿ ಬಿಟ್ರಿ?”

“ಆಮೇಲೆ ಬಂದು ಕೇಳಬಹುದಿತ್ತಲ್ಲ. ಇಷ್ಟು ದಿನ ನಾನು ಹೇಗಿದ್ದೆ ಅಂತ ಗೊತ್ತಾ ನಿಮಗೆ? ಊಟ ಸೇರಿಲ್ಲ, ನಿದ್ದೆ ಇಲ್ಲ, ಅಮ್ಮನ ಹತ್ರ ಸುಳ್ಳು ಹೇಳಿಕೊಂಡು...” ಧ್ವನಿ ಒಡೆಯಿತು. ಸಿಟ್ಟಿನಲ್ಲೇ ಕಣ್ಣೀರು ಹರಿಯಿತು. ಅದನ್ನು ಒರೆಸಿಕೊಳ್ಳಲೂ ಅವಳಿಗೆ ಸಿಟ್ಟು.

ಅವನು ಮೇಜು ಸುತ್ತಿ ಬಂದು ಅವಳೆದುರು ಮಂಡಿಯೂರಿ ಕೂತ. ಅವಳ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

“ಈಗ ಕೇಳ್ಲಾ?”

“ಕೇಳಿ.”

“ನನ್ನ ಮದುವೆ ಆಗ್ತೀಯಾ?”

ನೀವು ಎಂಬುದು ನೀನು ಆಗಿದ್ದು ಅವಳ ಕಿವಿಗೆ ಬಿತ್ತು. ಕಿವಿಯಿಂದ ಇಳಿದು ಎಲ್ಲೋ ಆಳದಲ್ಲಿ ಬೆಚ್ಚಗೆ ಕೂತಿತು.

“ಹೂಂ,” ಎಂದಳು. ಎಂದವಳೇ ಕಣ್ಣೊರೆಸಿಕೊಂಡು, “ನಾಳೆ ಮನೆಗೆ ಬಂದು ಅಮ್ಮನ ಹತ್ರ ಮಾತಾಡು. ಸಂಜೆ ಬಾ. ಬಿಳಿ ಅಂಗಿ...”

ಅಲ್ಲಿಗೇ ನಿಂತಳು. ಕೆಳತುಟಿ ಕಚ್ಚಿಕೊಂಡಳು. ಆಮೇಲೆ, ಹೊಸದಾಗಿ ಮಾತು ಕಲಿಯುವವಳ ಹಾಗೆ, ತಡೆದು ತಡೆದು ಕೇಳಿದಳು.

“ಬರ್ತೀಯಾ? ನಾಳೆ... ನಿನಗೆ ಆಗುತ್ತಾ?”

ಅವನು ಅವಳ ಮುಖವನ್ನೇ ನೋಡುತ್ತಿದ್ದ.

“ನಾಳೆ ಬೇಡ,” ಎಂದ. “ಇವತ್ತೇ ಬರ್ತೀನಿ.”